ಮುಂದಿನ ಕಿಟಕಿಯ ಉಳ್ಳಾಗಡ್ಡಿ

ಹೊಸಪೇಟೆ
11 ಸೆಪ್ಟೆಂಬರ್ 2023

ಚಿ. ಅರ್ಚಿತಾಳಿಗೆ,

ಲಕ್ಷ್ಮತ್ತೆಯ ಆಶೀರ್ವಾದ. ಧಾರವಾಡದಲ್ಲಿ ಮಳೆ ಎಂದು ಟೀವಿಯಲ್ಲಿ ತೋರಿಸಿದರು. ಕೊಡೆ ಮರೆಯಬೇಡ. ಮರೆತೇ ಇರುತ್ತೀಯ. ಫೋನು ಬಿಟ್ಟು ಕಾಗದ ಯಾಕೆ ಎನ್ನಬೇಡ. ಈ ಮನೆಯಲ್ಲಿ ಫೋನು ಕಿವಿಗಿಟ್ಟರೆ ನಿಮ್ಮಪ್ಪ ದೇವರ ಮನೆಯಿಂದಲೇ "ಯಾರದು? ಏನಂತ?" ಎಂದು ಕೂಗುತ್ತಾನೆ. ಬರೆಯುತ್ತ ಕೂತರೆ ಕಾಲೇಜಿನ ನೋಟ್ಸು ಎಂದುಕೊಂಡು ಸುಮ್ಮನಿರುತ್ತಾನೆ.

ಕಾಲೇಜು ಶುರುವಾಯಿತು. ಒಂಬತ್ತನೇ ಕ್ಲಾಸಿಗೆ ಬಿಡಿಸಿ ಮದುವೆ ಮಾಡಿದ ಮೇಲೆ ನಾನು ಬೆಂಚಿನ ಮೇಲೆ ಕೂತಿದ್ದು ಈಗಲೇ. ಎಸೆಸೆಲ್ಸಿ, ಪಿಯುಸಿ ಎಲ್ಲ ಹೊರಗಿನಿಂದ ಕಟ್ಟಿ, ನಿನಗೆ ಡಬ್ಬಿ ತುಂಬುತ್ತ, ಇದೇ ಅಡಿಗೆಮನೆಯಲ್ಲಿ ಓದಿದ್ದು. ನಿಮ್ಮ ಮಾವ, ಆಮೇಲೆ ನಿಮ್ಮಮ್ಮ ಹೋದ ಮೇಲೆ ನಿನ್ನನ್ನು ನೋಡಿಕೊಳ್ಳಲೆಂದು ಅಣ್ಣನ ಮನೆಗೆ ಬಂದವಳು, ನೀನು ಹಾಸ್ಟೆಲಿಗೆ ಹೋದಮೇಲೆ ಏನು ಮಾಡಲಿ? ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೇ ಹುಡುಗರೆಲ್ಲ ಎದ್ದು ನಿಂತು "ನಮಸ್ತೇ ಮೇಡಂ" ಎಂದರು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವರಿಗೆ ಕೂರಬೇಕೋ ಬೇಡವೋ ತಿಳಿಯಲಿಲ್ಲ.

ಬಿ.ಎ.ದವರು ಬೇರೆ ವಿಭಾಗದ ಒಂದು ವಿಷಯ ತೆಗೆದುಕೊಳ್ಳಲೇಬೇಕಂತೆ, ಓಪನ್ ಎಲೆಕ್ಟಿವ್ ಎನ್ನುತ್ತಾರೆ. ಹೆಚ್ಚಿನವರು ಸುಲಭ ಎಂದು ಪ್ರವಾಸೋದ್ಯಮಕ್ಕೆ ಓಡಿದರು, ಹಂಪಿ ಪಕ್ಕದಲ್ಲೇ ಇದೆಯಲ್ಲ. ನಾನು ಜೀವಶಾಸ್ತ್ರ ಬರೆದೆ.

ಮೇಷ್ಟ್ರು ಹಂಪೇಶ್ ಅಂತ, ಕಂಪ್ಲಿಯವರು, ಇನ್ನೂ ಹುಡುಗರೇ. ಒಂದು ಜೀವಕೋಶ ಎರಡಾಗುವುದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ನಾವು ಹೀಗೆ ಸುಮ್ಮನೆ ಕೂತಿರುವಾಗಲೂ ನಮ್ಮ ಮೈಯೊಳಗೆ ಅದು ನಡೆದೇ ಇರುತ್ತದಂತೆ. ಕೇಳಿ ನನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡೆ. ಕೈಯೆತ್ತಿ, "ಇದನ್ನ ಕಣ್ಣಿಲೆ ನೋಡಬಹುದೇನ್ರಿ ಸರ್?" ಎಂದೆ.

"ಬಿ.ಎಸ್ಸಿ. ಮೇಜರ್‌ದವ್ರಿಗೆ ಪ್ರಾಕ್ಟಿಕಲ್ ಐತ್ರಿ ಅಮ್ಮಾ. ನಿಮಗ ಬರೇ ಥಿಯರಿ. ಓದಿ ಬರದ್ರ ಸಾಕು."

"ಅವರ ಮೈಯಾಗ ಅಷ್ಟ ಜೀವಕೋಶ ಇರ್ತಾವೇನ್ರಿ? ಬಿ.ಎ.ದವರ ಮೈಯಾಗ ಏನದ?"

ಪಕ್ಕದಲ್ಲಿ ಕೂರುವ ಮಲಪನಗುಡಿಯ ಹುಡುಗಿ ಸೌಜನ್ಯ, "ಒಗ್ಗರಣಿ-ಮಿರ್ಚಿ ಐತ್ರಿ ಆಂಟಿ" ಎಂದಳು. ಕ್ಲಾಸೆಲ್ಲ ನಕ್ಕಿತು. ಸರ್ ನಗಲಿಲ್ಲ. ಆಮೇಲೆ ಹೊರಗೆ ಕರೆದು ಹೇಳಿದರು: "ಸೂಕ್ಷ್ಮದರ್ಶಕ ಕಮ್ಮಿ ಅದಾವ್ರಿ. ನಮ್ಮ ವಿಭಾಗದ ಹೆಚ್ಚೋಡಿ ಸಾಹೇಬ್ರು ಬಿ.ಎ.ದವ್ರನ್ನ ಲ್ಯಾಬಿಗೆ ಬಿಡಂಗಿಲ್ಲ. ಆದ್ರ ನೀವಾ ಮನ್ಯಾಗ ಬೇರು ಬೆಳಸಿ ತಂದ್ರ, ಹೆಂಗರ ಮಾಡಿ ತೋರಸ್ತೀನಿ."

"ಯಾವುದರ ಬೇರ್ರಿ?"

"ಉಳ್ಳಾಗಡ್ಡಿದು."

"ಮಡಿ ಮನಿ ನಮ್ದು, ಅದು ಒಳಗ ಬರಂಗಿಲ್ರಿ."

"ಹೌದಲ್ಲ! ಹಂಗಾರ ಬಳ್ಳೊಳ್ಳಿ ಆದ್ರೂ ನಡೀತೈತ್ರಿ" ಎಂದರು ಪಾಪ, ದೊಡ್ಡ ಉಪಕಾರ ಮಾಡುವವರ ಹಾಗೆ.

ಅವತ್ತಿನಿಂದ ನನಗೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುವುದಿಲ್ಲ. ನೀನು ಇದನ್ನೇ ಓದುತ್ತಿರುವವಳು, ಏನು ಮಾಡಲಿ ಹೇಳು. ಬೇಡ ಎಂದು ಮಾತ್ರ ಹೇಳಬೇಡ.

ನೀನು ಹೊತ್ತಿಗೆ ಉಣ್ಣುತ್ತೀಯೋ ಇಲ್ಲವೋ ಎಂಬ ಚಿಂತೆಯಲ್ಲಿ,
ಲಕ್ಷ್ಮತ್ತೆ

*

ಧಾರವಾಡ
19 ಸೆಪ್ಟೆಂಬರ್ 2023

ಪ್ರೀತಿಯ ಅತ್ತೆ,

ಉಂಡಿದ್ದೇನೆ. ಕೊಡೆ ಕಳೆದಿದೆ.

ಬೇಡ ಎನ್ನಬೇಡ ಎಂದಿದ್ದೀಯ. ಆದರೂ ಹೇಳುತ್ತೇನೆ, ಬೇಡ. ನಮ್ಮದು ಮೇಜರ್, ವಾರವೆಲ್ಲ ಲ್ಯಾಬಿನಲ್ಲೇ ಸಾಯುತ್ತೇವೆ. ನಿಮ್ಮದು ಓಪನ್ ಎಲೆಕ್ಟಿವ್. ಆರ್ಟ್ಸ್ ಓದುವವರಿಗೂ ಒಂದಿಷ್ಟು ವಿಜ್ಞಾನ ಗೊತ್ತಿರಲಿ ಎಂದು ಇಟ್ಟಿದ್ದಾರೆ. ನಾಲ್ಕು ಪುಟ ಅಸೈನ್ಮೆಂಟ್ ಬರೆದುಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ. ನನ್ನ ಹಳೆಯ ರೆಕಾರ್ಡಿನ ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಕೋಶ ವಿಭಜನೆಯ ಚಿತ್ರಗಳಿವೆ, ಬಣ್ಣದ ಪೆನ್ಸಿಲಿನಲ್ಲಿ ನೋಡಿ ಬಿಡಿಸು.

ಅಪ್ಪ ನಿನ್ನನ್ನು ಈ ವಯಸ್ಸಿನಲ್ಲಿ ಕಾಲೇಜಿಗೆ ಬಿಟ್ಟಿದ್ದೇ ದೊಡ್ಡದು. ಒಂದು ಗಡ್ಡೆಗಾಗಿ ಅದನ್ನು ಕೆಡಿಸಿಕೊಳ್ಳಬೇಡ.

ನಿನ್ನ ಮಾತು ಕೇಳದ, ನೀನಾದರೂ ನನ್ನ ಮಾತು ಕೇಳಲಿ ಎಂದುಕೊಳ್ಳುವ,
ಅರ್ಚಿತಾ

*

ಹೊಸಪೇಟೆ
9 ಅಕ್ಟೋಬರ್ 2023

ಚಿ. ಅರ್ಚಿತಾ,

ನಿನ್ನ ಝೆರಾಕ್ಸ್ ವಾಪಸ್ಸು ಕಳಿಸಿದ್ದೇನೆ. ಚಿತ್ರ ಚೆಂದ ಬಿಡಿಸಿದ್ದೀಯ, ದೃಷ್ಟಿಯಾಗದಿರಲಿ. ಆದರೆ ಅದು ನೀನು ಕಂಡಿದ್ದು. ನಾನು ಅದನ್ನೇ ನೋಡಿ ಬಿಡಿಸಿದರೆ ನಿನ್ನ ರೆಕಾರ್ಡು ಕಂಡ ಹಾಗಾಯಿತೇ ಹೊರತು ಜೀವಕೋಶ ಕಂಡ ಹಾಗಾಗುವುದಿಲ್ಲ. ಸಿಟ್ಟಾಗಬೇಡ. ಸಿಟ್ಟಾದರೂ ಊಟ ಬಿಡಬೇಡ.

ಮಾರ್ಕೆಟ್ಟಿಗೆ ಹೋಗಿದ್ದೆ. ಹುಲುಗಮ್ಮನ ಹತ್ತಿರವೇ ನಾವು ಯಾವಾಗಲೂ ಹೀರೇಕಾಯಿ, ಬದನೇಕಾಯಿ ತರುವುದು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು, "ಉಳ್ಳಾಗಡ್ಡಿ ಎರಡು" ಎಂದೆ.

"ಎರಡು ಕಿಲೋನಾ?"

"ಎರಡು ಗಡ್ಡಿ."

ಅವಳು ತಕ್ಕಡಿ ಕೆಳಗಿಟ್ಟಳು. "ಅಯ್ಯ ನಮ್ಮವ್ವ! ಆಚಾರ್ರ ಮನಿಯಾಗ ಯಾರಿಗರ ಜ್ವರ ಬಂದಾವೇನು? ಅಂಗಾಲಿಗೆ ತಿಕ್ಕಾಕ?"

"ಪರೀಕ್ಷಾಕ್ಕ, ಹುಲುಗಮ್ಮ."

"ಯಾರ್ನ ಪರೀಕ್ಷಾ ಮಾಡ್ತೀರಿ? ಅಣ್ಣಾರನ್ನಾ?" ಎಂದು ಜೋರಾಗಿ ನಕ್ಕಳು. ಮಾರ್ಕೆಟ್ಟೆಲ್ಲ ನನ್ನನ್ನೇ ನೋಡಿದ ಹಾಗಾಯಿತು.

ಸೆರಗಿನಲ್ಲಿ ಸುತ್ತಿ ತಂದು, ಗ್ಲಾಸಿನಲ್ಲಿ ನೀರು ಹಾಕಿ, ಸರ್ ಹೇಳಿದ ಹಾಗೆ ಕಡ್ಡಿ ಚುಚ್ಚಿ ಕೂರಿಸಿ ಹಿತ್ತಲ ಬಚ್ಚಲಿನ ಕಿಟಕಿಯಲ್ಲಿ ಸೀಗೆಕಾಯಿ ಡಬ್ಬಿಯ ಹಿಂದೆ ಬಚ್ಚಿಟ್ಟೆ. ದಿನವೂ ನೋಡಿದೆ. ಬೇರು ಬರಲೇ ಇಲ್ಲ. ನೀರು ಲೋಳೆಯಾಯಿತು. ನನ್ನ ಪಾಪದ ಫಲವೇ ಎಂದು ಭಯವಾಗಿ ಸೌಜನ್ಯಳಿಗೆ ಹೇಳಿದೆ. ಹೇಗಿಟ್ಟಿರಿ ಎಂದು ಕೇಳಿದಳು. "ಜುಟ್ಟು ಮ್ಯಾಲೆ ಮಾಡಿ ಇಟ್ಟೀನವಾ" ಎಂದೆ. ಒಣಗಿದ ಎಳೆಗಳ ಗುಚ್ಛ ಇರುತ್ತದಲ್ಲ, ಅದು ನಿಮ್ಮಜ್ಜನ ಜುಟ್ಟಿನ ಹಾಗೇ ಇತ್ತು, ಜುಟ್ಟು ಇರುವುದೇ ತಲೆ ಎಂದುಕೊಂಡಿದ್ದೆ.

"ಆಂಟಿ, ಅದು ಜುಟ್ಟಲ್ರಿ, ಬೇರು!" ಎಂದು ಆ ಹುಡುಗಿ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕಳು. "ಪಾಪದ ಗಡ್ಡಿ ತಲಿಕೆಳಗ ಶೀರ್ಷಾಸನ ಹಾಕೈತಿ!"

ನೋಡು, ಇಷ್ಟು ವರ್ಷ ಅಡಿಗೆ ಮಾಡಿದ ಕೈ ಇದು. ನಾಚಿಕೆಯಾಯಿತು. ಆದರೆ ಬಿಡುವುದಿಲ್ಲ. ಎರಡನೆಯದನ್ನು ಸರಿಯಾಗಿ ಇಟ್ಟಿದ್ದೇನೆ. ಕೊಳೆತಿದ್ದನ್ನು ಎಲ್ಲಿ ಎಸೆಯಲಿ ಎಂಬುದೇ ಈಗಿನ ಚಿಂತೆ. ಕಸದ ಗಾಡಿಯವಳು ನಮ್ಮ ಬಕೆಟ್ಟು ಕೆದಕಿ ನೋಡುತ್ತಾಳೆ. ಸದ್ಯಕ್ಕೆ ಅದೂ ಡಬ್ಬಿಯ ಹಿಂದೆಯೇ ಇದೆ.

ದೇವರೇ ಕಾಪಾಡಬೇಕಾದ, ಆದರೆ ಈ ವಿಷಯದಲ್ಲಿ ಅವನನ್ನು ಕೇಳಲಾಗದ,
ಲಕ್ಷ್ಮತ್ತೆ

*

ಹೊಸಪೇಟೆ
17 ಅಕ್ಟೋಬರ್ 2023

ಚಿ. ಕುಮಾರಿ ಅರ್ಚಿತಾಳಿಗೆ ತಂದೆ ವಿದ್ಯಾಧೀಶನ ಆಶೀರ್ವಾದಗಳು.

ನವರಾತ್ರಿಯ ದಿನಗಳಲ್ಲಿ ಇಂಥದೊಂದು ಪತ್ರ ಬರೆಯಬೇಕಾಗಿ ಬಂದಿದೆ. ಹಿತ್ತಲಿನಲ್ಲಿ ದುರ್ವಾಸನೆ ತಡೆಯಲಾಗದೆ, ಇಲಿ ಸತ್ತಿರಬೇಕೆಂದು ಆಳು ಕರೆಸಿ ಚರಂಡಿಯ ಕಲ್ಲು ತೆಗೆಸಿದೆ. ಇಲಿ ಇರಲಿಲ್ಲ. ಬಚ್ಚಲಿನ ಕಿಟಕಿಯಲ್ಲಿ ಒಂದು ಕೊಳೆತ ಉಳ್ಳಾಗಡ್ಡಿ, ಇನ್ನೊಂದು ಬೇರು ಬಿಟ್ಟಿರುವ ಉಳ್ಳಾಗಡ್ಡಿ ದೊರೆತವು. ಆಳಿನ ಎದುರಿಗೆ ನನ್ನ ಮುಖ ಏನಾಗಿರಬೇಡ. ಎರಡನ್ನೂ ಗೋಡೆಯಾಚೆ ಎಸೆದು ಸ್ನಾನ ಮಾಡಿದೆ.

ನಿನ್ನ ಅತ್ತೆ ಅಳಲಿಲ್ಲ, ಕ್ಷಮೆ ಕೇಳಲಿಲ್ಲ. "ಒಂದು ಕೊಳೆತಿತ್ತು, ಅದನ್ನ ಎಸದದ್ದು ಖರೇ. ಇನ್ನೊಂದು ಜೀವಂತ ಇತ್ತಲ್ಲ, ಅದನ್ಯಾಕ ಎಸದಿ?" ಎಂದು ನನ್ನನ್ನೇ ಕೇಳಿದಳು.

ಓದಬೇಡ ಎಂದು ನಾನು ಎಂದೂ ಹೇಳಿದವನಲ್ಲ. ಆದರೆ ಆ ಪದಾರ್ಥ ನಮ್ಮ ಕಂಪೌಂಡಿನೊಳಗೆ ಮತ್ತೆ ಬಂದರೆ ಕಾಲೇಜು ನಿಲ್ಲುತ್ತದೆ ಎಂದು ಹೇಳಿದ್ದೇನೆ. ನಿನ್ನ ಮಾತು ಕೇಳುತ್ತಾಳೆ. ತಿಳಿಹೇಳು.

ಮನೆಯ ಮರ್ಯಾದೆ ನಿನಗೂ ಸೇರಿದ್ದೆಂದು ನೆನಪಿಸುವ,
ನಿನ್ನ ತಂದೆ

*

ಧಾರವಾಡ
21 ಅಕ್ಟೋಬರ್ 2023

ಅತ್ತೆ,

ಅಪ್ಪನ ಪತ್ರ ಬಂತು. ನನಗೆ ನಗು, ಭಯ ಎರಡೂ ಬಂದವು. ಭಯವೇ ಹೆಚ್ಚು.

ದಾರಿ ಇದೆಯಲ್ಲ? ಸೌಜನ್ಯ ತನ್ನ ಮನೆಯಲ್ಲಿ ಬೆಳೆಸಿ ತರಲಿ, ನೀನು ಕಾಲೇಜಿನಲ್ಲಿ ನೋಡು. ಅಪ್ಪನ ಕಂಪೌಂಡು ಅಪ್ಪನಿಗೆ, ಬೇರು ನಿನಗೆ. ಒಂದು ವಿಷಯ ಹೇಳಿದರೆ ನೀನು ನಂಬುವುದಿಲ್ಲ. ನಾವು ಮೇಜರ್‌ದವರೂ ಬೇರು ಬೆಳೆಸಿಲ್ಲ. ರೆಡಿಮೇಡ್ ಸ್ಲೈಡ್ ಒಂದನ್ನು ಸಾಲಿನಲ್ಲಿ ನಿಂತು ನೋಡಿದೆವು. ಹಿಂದಿನವರು ತಳ್ಳುತ್ತಿದ್ದರು. ಚಿತ್ರವನ್ನು ಗೈಡ್ ನೋಡಿಯೇ ಬಿಡಿಸಿದ್ದು.

ಇಲ್ಲಿಯ ಮೆಸ್ಸಿನಲ್ಲಿ ನಾನು ಏನು ತಿನ್ನುತ್ತೇನೆ ಎಂದು ಅಪ್ಪ ಕೇಳಿಲ್ಲ, ನಾನು ಹೇಳಿಲ್ಲ. ಹಾಗೇ ಚೆನ್ನಾಗಿ ನಡೆಯುತ್ತಿದೆ. ನೀನೂ ಹಾಗೇ ನಡೆಸು. ಮುಂದಿನ ವರ್ಷ ಎಂ.ಎಸ್ಸಿ.ಗೆ ಅವರ ಒಪ್ಪಿಗೆ ಕೇಳಬೇಕು. ಈಗ ಮನೆಯಲ್ಲಿ ಜೀವಶಾಸ್ತ್ರ ಎಂಬ ಶಬ್ದವನ್ನೇ ಕೆಡಿಸಬೇಡ, ದಯವಿಟ್ಟು.

ಕೈಮುಗಿದು,
ಅರ್ಚಿತಾ

*

ಹೊಸಪೇಟೆ
3 ನವೆಂಬರ್ 2023

ಚಿ. ಅರ್ಚಿತಾ,

ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಅಕ್ಕಿ ಡಬ್ಬಿಯ ಕೆಳಗಿಟ್ಟು ದಿನಾ ಓದಿದೆ. ನೀನು ಹೇಳಿದ್ದು ಬುದ್ಧಿವಂತರ ದಾರಿ. ಸೌಜನ್ಯ ತಾನೇ ಮುಂದೆ ಬಂದು, "ಆಂಟಿ, ನಮ್ಮ ಮನ್ಯಾಗ ಮೂಟಿಗಟ್ಲೆ ಬಿದ್ದಾವು, ನಾನು ಬೆಳಸ್ತೀನಿ ಬಿಡ್ರಿ" ಎಂದಳು. ಹೂಂ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

ಯಾಕೆಂದರೆ ಇವತ್ತು ಉಳ್ಳಾಗಡ್ಡಿ. ಮುಂದಿನ ಪಾಠ ರಕ್ತದ್ದು, ಅದರಾಚೆಗೆ ಮೊಟ್ಟೆಯದು, ಸರ್ ಓದಿ ಹೇಳಿದ್ದಾರೆ. ಎಲ್ಲವನ್ನೂ ಮಲಪನಗುಡಿಯಲ್ಲಿ ಇಟ್ಟು ಬರಲು ಆಗುತ್ತದೆಯೇ? ಮೂರು ವರ್ಷ ನಾನು ಬಚ್ಚಲಿನ ಕಿಟಕಿಯಲ್ಲೇ ಡಿಗ್ರಿ ಮಾಡಬೇಕಾಗುತ್ತದೆ. ನೀನು ಬಚ್ಚಿಟ್ಟುಕೊಂಡು ತಿನ್ನುತ್ತೀಯ, ತಿನ್ನು, ನಾನು ಬಾಯಿಬಿಡುವುದಿಲ್ಲ. ಬಚ್ಚಿಟ್ಟು ನೋಡಿಯಾಯಿತು, ಕೊಳೆಯಿತು. ನನ್ನಿಂದ ಆಗದು.

ಹೊಸದು ತಂದೆ. ಈ ಸಲ ಕೈಚೀಲದಲ್ಲಿ, ಮೇಲೆಯೇ ಕಾಣುವ ಹಾಗೆ. ಗ್ಲಾಸು ತೊಳೆದು, ಬೇರಿನ ಕಡೆ ಕೆಳಗೆ ಮಾಡಿ, ಪಡಸಾಲೆಯ ಮುಂದಿನ ಕಿಟಕಿಯಲ್ಲಿಟ್ಟೆ. ಬೀದಿಗೆ ಕಾಣುತ್ತದೆ. ಇಟ್ಟು ಒಳಗೆ ಹೋಗಿ ನೀರು ಕುಡಿದು, ಮತ್ತೆ ಬಂದು ನೋಡಿದೆ, ತೆಗೆದುಬಿಡಲೇ ಎಂದುಕೊಂಡೆ. ಅಷ್ಟರಲ್ಲಿ ನಿಮ್ಮಪ್ಪ ಬಂದ.

"ಇದೇನು?"

"ಉಳ್ಳಾಗಡ್ಡಿ."

"ಅದು ನನಗೂ ಕಾಣಸ್ತದ. ಇಲ್ಲಿ ಯಾಕದ?"

"ಬಿಸಿಲು ಇಲ್ಲೇ ಚಲೋ ಬೀಳ್ತದಣ್ಣ."

"ಲಕ್ಷ್ಮೀ, ಇದು ದೇವರಿದ್ದ ಮನಿ!"

"ತಿನ್ನಬಾರದು ಅಂತ ಅದ, ತಿಂದಿಲ್ಲ. ನೋಡಬಾರದು ಅಂತ ಎಲ್ಲದ ತೋರಸು. ತೋರಿಸಿದ್ರ ಈಗ ತಗೀತೀನಿ."

ಅವನು ತೋರಿಸಲಿಲ್ಲ. "ಹಂಗಾದ್ರ ನಾಳಿಂದ ಕಾಲೇಜು ಬಂದ್" ಎಂದ.

"ಹೆಸರು ಹಚ್ಚಿದಾಕಿ ನಾನು. ಬಂದ್ ಮಾಡಿದ್ರೂ ನಾನ ಮಾಡಬೇಕು."

ಅರ್ಚಿತಾ, ಈ ಮಾತು ನನ್ನ ಬಾಯಿಂದ ಬಂತು ಎಂದು ಈಗಲೂ ನಂಬಿಕೆಯಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದೆ. ನಿಮ್ಮಪ್ಪ ಗ್ಲಾಸು ಮುಟ್ಟಲಿಲ್ಲ. ಮುಟ್ಟಿದರೆ ಸ್ನಾನ ಮಾಡಬೇಕಲ್ಲ. "ಅದು ಅಲ್ಲಿರೋತನಕ ನಿನ್ನ ಕೈಯ ಅಡಿಗಿ ನಾನು ಉಣ್ಣಂಗಿಲ್ಲ" ಎಂದು ಮಠಕ್ಕೆ ಹೋದ. ಈಗ ಎರಡು ಹೊತ್ತೂ ಮಠದಲ್ಲೇ. ಅಲ್ಲಿ ಸಾರಿಗೆ ಖಾರ ಜಾಸ್ತಿ ಹಾಕುತ್ತಾರೆ, ಅವನಿಗೆ ಅಲ್ಸರ್ ಇದೆ, ಗುಳಿಗೆ ತೆಗೆದುಕೊಂಡನೋ ಇಲ್ಲವೋ. ದಿನವೂ ಇಬ್ಬರಿಗಾಗುವಷ್ಟು ಅನ್ನ ಮಾಡುತ್ತೇನೆ, ಮಿಕ್ಕಿದ್ದು ಹಸುವಿಗೆ. ಆದರೆ ಗ್ಲಾಸು ಅಲ್ಲೇ ಇದೆ. ಬೇರು ಬಿಟ್ಟಿದೆ, ಬೆಳ್ಳಗೆ, ಎಳೆ ಎಳೆಯಾಗಿ.

ಸರ್ ಒಂದು ಪುಟ್ಟ ಶೀಷೆಯಲ್ಲಿ ದ್ರಾವಣ ಕೊಟ್ಟಿದ್ದಾರೆ. ಬಿಸಿಲೇರುವ ಹೊತ್ತಿಗೇ ಬೇರಿನ ತುದಿ ಕತ್ತರಿಸಿ ಅದರಲ್ಲಿ ಹಾಕಬೇಕಂತೆ, ಕೋಶಗಳು ಹೆಚ್ಚು ಎರಡಾಗುವುದು ಆಗಲೇ, ದ್ರಾವಣಕ್ಕೆ ಬಿದ್ದ ಕೂಡಲೇ ಎಲ್ಲ ಇದ್ದ ಹಾಗೇ ನಿಲ್ಲುತ್ತದಂತೆ. ಮರುದಿನ ಕಾಲೇಜಿಗೆ ಒಯ್ಯಬೇಕು. ದಿನಾ ಆ ಹೊತ್ತಿಗೆ ನಾನು ಮಡಿಯಲ್ಲಿ ನೈವೇದ್ಯಕ್ಕೆ ಮಾಡುತ್ತಿರುತ್ತೇನೆ. ಹಾಗಾಗಿ ಗುರುವಾರ ಎಂದುಕೊಂಡಿದ್ದೇನೆ. ಅವತ್ತು ಏಕಾದಶಿ. ಒಲೆ ಹಚ್ಚುವುದಿಲ್ಲ, ಬೆಳಗೆಲ್ಲ ನನಗೆ ಬಿಡುವು. ಏಕಾದಶಿಯ ದಿನವೇ ಎಂದು ನೀನೂ ಬಾಯಿಬಿಡಬೇಡ. ವರ್ಷದಲ್ಲಿ ಅಡಿಗೆಮನೆ ನನ್ನನ್ನು ಬಿಡುವುದು ಆ ದಿನಗಳಲ್ಲಿ ಮಾತ್ರ.

ನಿನ್ನ ಎಂ.ಎಸ್ಸಿ. ಮಾತು ಬಂದಾಗ ನಾನೂ ಪಕ್ಕದಲ್ಲಿ ನಿಂತಿರುತ್ತೇನೆ. ಹೆದರಿಕೊಂಡೇ ನಿಂತಿರುತ್ತೇನೆ, ಆದರೆ ನಿಂತಿರುತ್ತೇನೆ.

ಲಕ್ಷ್ಮತ್ತೆ

*

ಧಾರವಾಡ
7 ನವೆಂಬರ್ 2023

ಅತ್ತೆ,

ಪರೀಕ್ಷೆ ಇದೆ, ದೀಪಾವಳಿ ಹಬ್ಬಕ್ಕೆ ಬರಲಾಗದು. ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ.

ನಿನ್ನೆ ಅಪ್ಪ ಮಠದ ಕಟ್ಟೆಯಿಂದ ಫೋನು ಮಾಡಿದ್ದರು. "ನಿಮ್ಮತ್ತಿ ಸರಿಯಾಗಿ ಉಣ್ಣಾಕತ್ಯಾಳೋ ಇಲ್ಲೋ, ನೀನ ಕೇಳು" ಎಂದರು. ಒಂದೇ ಸೂರಿನಡಿ ಇದ್ದುಕೊಂಡು ಧಾರವಾಡದ ಮೇಲೆ ಹಾಯ್ದು ವಿಚಾರಿಸುತ್ತಾರೆ! "ನಾನ್ಯಾಕ ಕೇಳ್ಲಿ ಅಪ್ಪಾ, ಮನಿಗೆ ಹೋಗಿ ನೋಡ್ರಿ" ಎಂದುಬಿಟ್ಟೆ. ಇಟ್ಟವಳೇ ಫೋನು ಸ್ವಿಚ್ ಆಫ್ ಮಾಡಿದೆ.

ತೀರಾ ತುದಿಯನ್ನೇ ಕತ್ತರಿಸು. ಮೇಲಿನದರಲ್ಲಿ ಏನೂ ಸಿಗುವುದಿಲ್ಲ.

ಬಿಡಬೇಡ.
ಅರ್ಚಿತಾ

*

ಹೊಸಪೇಟೆ
11 ನವೆಂಬರ್ 2023

ಚಿ. ಅರ್ಚಿತಾ,

ಇವತ್ತು ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ ಕೈಯೆಲ್ಲ ಹುಣಸೆಹಣ್ಣು, ಅಕ್ಷರ ವಾರೆಕೋರೆಯಾಗಿದ್ದರೆ ಓದಿಕೋ.

ಗುರುವಾರ ನಾನೂ ಉಪವಾಸ ಮಾಡಿದೆ. ಒಂದು ತೊಟ್ಟು ನೀರು ಕುಡಿಯಲಿಲ್ಲ. ಗ್ಲಾಸಿನಲ್ಲಿದ್ದದ್ದಕ್ಕೆ ಮಾತ್ರ ನೀರು ಬದಲಿಸಿದೆ. ಬಿಸಿಲು ಕಿಟಕಿಗೆ ಬಂದಾಗ ಉಗುರು ಕತ್ತರಿಸುವ ಕತ್ತರಿಯಿಂದ ತುದಿ ತುದಿ ಕತ್ತರಿಸಿ ಶೀಷೆಯಲ್ಲಿ ಹಾಕಿದೆ. ನಿಮ್ಮಪ್ಪ ಜಪಕ್ಕೆ ಕೂತಿದ್ದ. ಅವನ ಕಣ್ಣು ಮುಚ್ಚಿರಲಿಲ್ಲ.

ದ್ವಾದಶಿ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಪಾರಣೆಗೆ ಅಡಿಗೆ ಮಾಡಿದೆ, ಎರಡು ಎಲೆ ಹಾಕಿದೆ. ಅವನು ಅಡಿಗೆಮನೆಯ ಹೊಸ್ತಿಲ ತನಕ ಬಂದ. "ಅದನ್ನ ಮುಟ್ಟಿದ ಕೈಲೇ ಮಾಡೀಯೇನು?"

"ಸ್ನಾನ ಮಾಡಿ ಮಡಿ ಉಟ್ಟು ಮಾಡೀನಣ್ಣ. ಕೈ ಮಾತ್ರ ಅದಾ. ಬ್ಯಾರೆ ಕೈ ಇಲ್ಲ ನನಗ."

ಎರಡೂ ಎಲೆ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮಠಕ್ಕೆ ಹೋದ. ನಾನೊಬ್ಬಳೇ ಕೂತು ಉಂಡೆ. ಲ್ಯಾಬಿನಲ್ಲಿ ತಲೆ ತಿರುಗಿ ಬಿದ್ದರೆ ಬಿ.ಎ.ದವರನ್ನು ಅದಕ್ಕೇ ಬಿಡುವುದಿಲ್ಲ ಎನ್ನುತ್ತಾರಲ್ಲ.

ಹಂಪೇಶ್ ಸರ್ ಮೂಲೆಯ ಒಂದು ಸೂಕ್ಷ್ಮದರ್ಶಕ ತೆರವು ಮಾಡಿ ಇಟ್ಟಿದ್ದರು. ಸೌಜನ್ಯ ಬಾಗಿಲಲ್ಲಿ ಕಾವಲು. ತುದಿಯನ್ನು ಬಿಸಿ ಮಾಡಿ, ಕೆಂಪು ಬಣ್ಣ ಹಾಕಿ, ಮೇಲೆ ತೆಳ್ಳನೆಯ ಗಾಜು ಇಟ್ಟು ಹೆಬ್ಬೆಟ್ಟಿನಿಂದ ಒತ್ತಬೇಕು. "ಒತ್ರಿ ಅಮ್ಮಾ, ಜರುಗಸಬ್ಯಾಡ್ರಿ" ಎಂದರು. ಚಪಾತಿ ಹಿಟ್ಟು ಒತ್ತಿದ ಹಾಗೆ ಒತ್ತಿದೆ, ಗಾಜು ಚಟ್ ಎಂದು ಒಡೆಯಿತು. ಅಳು ಬಂತು. ಸರ್ ಇನ್ನೊಂದು ಗಾಜು ಕೊಟ್ಟರು. ಎರಡನೇ ಸಲ ಮಗುವಿನ ಹಣೆ ಮುಟ್ಟಿದ ಹಾಗೆ ಒತ್ತಿದೆ.

ಮೊದಲು ನನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಗೋಡೆಗೋಡೆಯಾಗಿ ಕೋಣೆಗಳು, ಪ್ರತಿ ಕೋಣೆಯಲ್ಲೂ ಒಂದು ಕೆಂಪು ಉಂಡೆ. ಹುಡುಕುತ್ತ ಹೋದೆ. ಒಂದು ಕೋಣೆಯಲ್ಲಿ ಉಂಡೆ ಇರಲಿಲ್ಲ. ಅಲ್ಲಿ ಕೆಂಪು ದಾರದ ತುಂಡುಗಳು ಎರಡು ಗುಂಪಾಗಿ, ಒಂದನ್ನೊಂದು ಬಿಟ್ಟು ಆ ಕಡೆ ಈ ಕಡೆ ಹೊರಟು, ಹೊರಟಲ್ಲೇ ನಿಂತಿದ್ದವು. ನಮ್ಮ ಕಿಟಕಿಯಲ್ಲಿ, ನಾನು ಕತ್ತರಿ ಇಟ್ಟ ಗಳಿಗೆಯಲ್ಲಿ, ಅದು ನಡೆಯುತ್ತಿತ್ತು ಅರ್ಚಿತಾ. ಒಂದು ಎರಡಾಗುತ್ತಿತ್ತು.

ಆಗಲೇ ಸೌಜನ್ಯ ಕೆಮ್ಮಿದಳು. ಹೆಚ್ಚೋಡಿ ಸಾಹೇಬರು ಒಳಗೆ ಬಂದಿದ್ದರು. "ಏನ್ರೀ ಹಂಪೇಶ್, ಬಿ.ಎ.ದವರನ್ನ ಲ್ಯಾಬಿಗೆ ಬಿಡಾಕ ಯಾರು ಹೇಳಿದ್ರು? ಏಳ್ರಿ ಅಮ್ಮಾ, ಏಳ್ರಿ."

ನಾನು ಕಣ್ಣು ತೆಗೆಯಲಿಲ್ಲ. ತೆಗೆದರೆ ಆ ಕೋಣೆ ಮತ್ತೆ ಸಿಗುತ್ತದೋ ಇಲ್ಲವೋ. ಕಣ್ಣು ಅಲ್ಲೇ ಇಟ್ಟುಕೊಂಡು, "ನೋಡಿ ಮುಗಸ್ತೀನ್ರಿ ಸರ್, ಆಮ್ಯಾಲೆ ಬೈರಿ" ಎಂದೆ.

ನಾನು ನೋಡುತ್ತ ನೋಡುತ್ತ ಪೆನ್ಸಿಲ್ ಹಿಡಿದು ಬಿಡಿಸಿ ಮುಗಿಸಿದೆ, ಆಮೇಲೆ ಎದ್ದು ನಿಂತು ಬೈಸಿಕೊಂಡೆ. ಚೆನ್ನಾಗಿಯೇ ಬೈದರು. ಬೈದು ಮುಗಿದ ಮೇಲೆ ಸೌಜನ್ಯ, "ಸರ್, ನನ್ನವೂ ಬೇರು ಬಂದಾವ್ರಿ, ಮುಂದಿನ ವಾರ ತರ್ತೀನ್ರಿ" ಎಂದು ಕೈಯೆತ್ತಿದಳು. ಅವಳಿಗೆ ಏನಾಗುತ್ತದೋ ಎಂದು ನನಗೆ ಈಗ ಹೊಸ ಚಿಂತೆ.

ನಿನ್ನೆ ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮಪ್ಪ ಮಠಕ್ಕೆ ಹೊರಡಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದ. ಕಿಟಕಿಯ ಹತ್ತಿರ ನಿಂತ. ಬೇರಿನ ತುದಿಯೆಲ್ಲ ಮೊಂಡಾಗಿದ್ದ ಆ ಗಡ್ಡೆಯನ್ನು ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದ. ಆಮೇಲೆ ಒಳಗೆ ಬಂದು ತಾನೇ ಮಣೆ ಹಾಕಿಕೊಂಡು ಕೂತ. ನಾನು ಬಡಿಸಿದೆ. ಖಾರ ಕಡಿಮೆ ಹಾಕಿದ್ದೆ. ಗ್ಲಾಸು ತೆಗೆ ಎನ್ನಲಿಲ್ಲ. ಕಾಲೇಜು ಎನ್ನಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಎಲೆಯನ್ನೇ ನೋಡುತ್ತ, "ಏನು ಕಾಣಸ್ತು?" ಎಂದ.

ಹೇಳಲು ನಾಲಿಗೆಯ ತುದಿಯವರೆಗೆ ಬಂತು. ತಡೆದುಕೊಂಡೆ. ಹೇಳಿಸಿಕೊಂಡರೆ ಸಾಕು ಎಂಬ ಮಾತನ್ನು ಒಪ್ಪಿದ್ದರೆ ಇಷ್ಟೆಲ್ಲ ಯಾಕೆ ಆಗುತ್ತಿತ್ತು?

"ಹೇಳಂಗಿಲ್ಲಣ್ಣ" ಎಂದೆ. "ನೋಡಬೇಕಂದ್ರ ನೀನೂ ಒಂದು ಬೆಳಸು. ಕಿಟಕ್ಯಾಗ ಇನ್ನೊಂದು ಗ್ಲಾಸಿಗೆ ಜಾಗ ಅದ."

ಲಕ್ಷ್ಮೀಬಾಯಿ,
ಬಿ.ಎ. ಮೊದಲ ವರ್ಷ